ಹೊಲದಾಚೆಯ ಪರದೇಶ

ನಾನು ಓದಿಗಾಗಿ ಹೋದ ಪರದೇಶಕ್ಕೆ ಹಡಗು ಬೇಕಾಗಿರಲಿಲ್ಲ. ಬೈಯಪ್ಪನಹಳ್ಳಿಯ ನಮ್ಮ ರಾಗಿ ಹೊಲ ಮುಗಿಯುವ ಕಡೆ ಒಂದು ಗಡಿಕಲ್ಲು ನಿಂತಿತ್ತು. ಕಲ್ಲಿನಿಂದ ಮೂಡಲಿಗೆ ಮೈಸೂರು ಮಹಾರಾಜರ ಸೀಮೆ, ಪಡುವಲಿಗೆ ಬ್ರಿಟಿಷರ ದಂಡು, ಅಂದರೆ ಅವರ ಕಂಟೋನ್ಮೆಂಟು. ಮೊಣಕಾಲೆತ್ತರದ ಆ ಕಲ್ಲಿಗೆ ನಮ್ಮ ಎಮ್ಮೆ ಮೈ ಉಜ್ಜಿಕೊಳ್ಳುತ್ತಿತ್ತು. ಆದರೆ ಕಲ್ಲು ದಾಟಿದರೆ ಪೋಲೀಸು ಬೇರೆ, ಕೋರ್ಟು ಬೇರೆ, ಜೈಲು ಬೇರೆ. ನಮ್ಮ ಸೀಮೆಯಲ್ಲಿ ಕದ್ದು ದಂಡಿಗೆ ಓಡಿಹೋದವನನ್ನು ಹಿಡಿದು ತರಬೇಕಾದರೆ ಬ್ರಿಟಿಷ್ ದೊರೆಗಳ ಕಚೇರಿಯಿಂದ ಅಪ್ಪಣೆ ಆಗಬೇಕು. ಅದು ಆಗುವಷ್ಟರಲ್ಲಿ ಕಳ್ಳನಿಗೆ ಮೊಮ್ಮಕ್ಕಳಾಗಿರ್ತವೆ ಅಂತ ಊರಲ್ಲಿ ನಗುತ್ತಿದ್ದರು. ಈಗ ಅಲ್ಲೆಲ್ಲ ಇಂದಿರಾನಗರದ ಸೈಟುಗಳು ಬಂದು, ಇಲ್ಲೊಂದು ದೇಶದ ಗಡಿಯಿತ್ತು ಅಂದರೆ ಕೇಳಿದವರು ನನ್ನ ಮುಖ ನೋಡುತ್ತಾರೆ.

ನಾನು ಆ ಗಡಿ ದಾಟಿದ್ದು ಎತ್ತಿನ ಗಾಡಿಯಲ್ಲಿ, ಹುಲ್ಲಿನ ಮೇಲೆ ಮಲಗಿಕೊಂಡು. ನನ್ನನ್ನು ಕೊಟ್ಟಿದ್ದ ಊರು ಕೆ.ಆರ್. ಪುರದಿಂದ ಆಚೆ. ಗಂಡನಿಗೆ ಮುದ್ದೆಯಲ್ಲಿ ಗಂಟು ಸಿಕ್ಕಿತು. ತಟ್ಟೆ ಎಸೆದ, ಅದು ಹಣೆಗೆ ಬಡಿಯಿತು. ನಾನು ಹಣೆ ಒತ್ತಿ ಹಿಡಿದು ಬಗ್ಗಿದಾಗ ಹೊಟ್ಟೆಗೆ ಒದ್ದ. ಆಗ ನಾನು ಬಸುರಿ. ಅತ್ತೆ ಒಲೆಯ ಮುಂದೆ ಕೂತೇ, "ಒಳಗೆ ಕರ್ಕೊಂಡೋಗಿ ಒಡಿ, ಅಕ್ಕಪಕ್ಕದೋರು ನೋಡ್ತಾರೆ" ಅಂದಳು. ಮಾರನೆಯ ದಿನ ಸುದ್ದಿ ಮುಟ್ಟಿ ಅಪ್ಪ ಗಾಡಿ ಕಟ್ಟಿಕೊಂಡು ಬಂದರು. ಪೇಟೆಯ ಆಸ್ಪತ್ರೆ ದೂರ, ದಂಡಿನ ಹೆರಿಗೆ ಆಸ್ಪತ್ರೆ ಹತ್ತಿರ, ಹಾಗಾಗಿ ಎತ್ತುಗಳನ್ನು ಹಲಸೂರಿನ ಕಡೆ ಹೊಡೆದರು. ಗಾಡಿಯ ಹಲಗೆ ಸಂದಿಯಿಂದ ರಕ್ತ ದಾರಿಯುದ್ದಕ್ಕೂ ತೊಟ್ಟಿಕ್ಕಿತಂತೆ. ಕೂಸು ಉಳಿಯಲಿಲ್ಲ.

ಆ ಆಸ್ಪತ್ರೆಯ ದೊಡ್ಡ ಡಾಕ್ಟರು ಒಬ್ಬ ದೊರೆಸಾನಿ. ನಾನು ಎದ್ದು ಓಡಾಡುವ ಹಾಗಾದ ಮೇಲೆ ಆಯಾ ಮೂಲಕ ಕೇಳಿಸಿದರು, "ಓದು ಬರುತ್ತಾ?" ಕೆ.ಆರ್. ಪುರದ ಮಿಡ್ಲ್ ಸ್ಕೂಲ್ ಮುಗಿಸಿದ್ದೇನೆ ಅಂದೆ. "ಇಲ್ಲೇ ಹಾಸ್ಟೆಲಲ್ಲಿದ್ದು ಹೆರಿಗೆ ನರ್ಸ್ ಕೆಲಸ ಕಲಿ. ವಾಪಸ್ ಹೋದ್ರೆ ಮುಂದಿನ ಸಲ ನಿನ್ನನ್ನ ನಾನು ಉಳಿಸಲಾರೆ" ಅಂದರು. ಅಪ್ಪ ಬಾಗಿಲಲ್ಲಿ ನಿಂತು ಟವಲಿನ ತುದಿ ಹೊಸಕುತ್ತಿದ್ದರು. "ಕಲಿ ಮಗ" ಅಂತಷ್ಟೇ ಅಂದರು.

ಗಂಡ ಸುಮ್ಮನಿರಲಿಲ್ಲ. ಅವನ ಸೋದರಮಾವ ನಮ್ಮ ಸೀಮೆಯ ಪೋಲೀಸಿನಲ್ಲಿ ದಫೇದಾರ. ಅತ್ತೆಯ ಕಾಸಿನಸರ ಕದ್ದು ಓಡಿದ್ದಾಳೆ ಅಂತ ನನ್ನ ಮೇಲೆ ದೂರು ಬರೆಸಿದರು. ಸರ ಅತ್ತೆಯ ಕೊರಳಲ್ಲೇ ಇತ್ತು, ಅದನ್ನು ಊರೆಲ್ಲ ನೋಡುತ್ತಿತ್ತು. ಆದರೂ ದೂರು ದೂರೇ. ನಾನು ಕಲ್ಲಿನಿಂದ ಮೂಡಲಿಗೆ ಒಂದು ಹೆಜ್ಜೆ ಇಟ್ಟರೆ ದಫೇದಾರ ನನ್ನ ಕೈಗೆ ಹಗ್ಗ ಹಾಕಬಹುದು, ಸ್ಟೇಷನ್ನಿಗೆ ಅಂತ ಹೇಳಿ ಗಂಡನ ಮನೆಗೆ ಒಪ್ಪಿಸಬಹುದು. ಪಡುವಲಿಗೆ ಇರುವವರೆಗೆ ಅವನ ಕೈ ನನಗೆ ಎಟುಕುವುದಿಲ್ಲ. ಓದು ಮುಗಿಯುವವರೆಗೆ ನಾನು ಆ ಕಲ್ಲು ದಾಟಕೂಡದು. ನನ್ನ ವಿದ್ಯಾರ್ಥಿ ಜೀವನದ ನಿಯಮ ಇಷ್ಟೇ.

ಹಾಸ್ಟೆಲ್ಲು ಅಂದರೆ ಹೆಂಚಿನ ಒಂದು ಉದ್ದ ಹಾಲ್, ಎರಡು ಸಾಲು ಕಬ್ಬಿಣದ ಮಂಚ. ತಮಿಳರ ಹುಡುಗಿಯರೇ ಹೆಚ್ಚು. ಉಳಿದವರು ಆಂಗ್ಲೋ ಇಂಡಿಯನ್ನರು, ಯುದ್ಧಕ್ಕೆ ಹೆದರಿ ಬರ್ಮಾದಿಂದ ನಡೆದು ಬಂದವರು. ಮಹಾರಾಜರ ಸೀಮೆಯಿಂದ ಬಂದವಳು ನಾನೊಬ್ಬಳೇ. ನಡೆದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರುವಷ್ಟು ಹತ್ತಿರದವಳಿಗೆ ಅವರಿಟ್ಟ ಹೆಸರು 'ಫಾರಿನ್'. ರಂಗೂನಿನಿಂದ ಬಂದವಳೊಬ್ಬಳೇ ಮೊದಲು ಹಾಗೆ ಕರೆದದ್ದು.

ಮೊದಲ ಬೆಳಿಗ್ಗೆಯೇ ನಲ್ಲಿಯ ಹತ್ತಿರ ಏಟು ತಿಂದೆ. ಅಷ್ಟು ಜನಕ್ಕೆ ಎರಡೇ ನಲ್ಲಿ. ನಮ್ಮೂರ ಬಾವಿಯ ಹತ್ತಿರ ಹೇಗೋ ಹಾಗೆ, ಕೊಡ ಇಟ್ಟವರ ಸರದಿ ಕಾಯುತ್ತೆ ಅಂತ ಚೊಂಬಿಟ್ಟು ಪಕ್ಕಕ್ಕೆ ನಿಂತೆ. ಯಾರೋ ಚೊಂಬನ್ನು ಕಾಲಲ್ಲಿ ಒದ್ದರು. ಎತ್ತಲು ಬಗ್ಗಿದೆ, ಹಿಂದಿನಿಂದ ಜಡೆ ಹಿಡಿದು ಎಳೆದರು, ಗೋಡೆಗೆ ಮೂಗು ಬಡಿಯಿತು. ಪಕ್ಕದ ಮಂಚದವಳು ಬಂದು, ಎಳೆದವಳ ಕಪಾಳಕ್ಕೆ ಸೋಪಿನ ಕೈಯಲ್ಲೇ ಬಾರಿಸಿ, ನನ್ನ ಕಡೆ ತಿರುಗಿ ನನಗೂ ಒಂದು ಬಿಟ್ಟಳು.

"ನಂಗ್ಯಾಕೆ ಹೊಡೆದೆ?" ಅಂದೆ.

"ನಿಂತ್ಕೊಂಡು ಒದೆ ತಿಂದಿದ್ದಕ್ಕೆ. ವಾಪಸ್ ಕೊಡಕ್ಕೆ ಬರಲ್ವಾ ನಿಂಗೆ? ನಿಮ್ಮ ಮಹಾರಾಜ ಕೈ ಕಟ್ಟಾಕಿ ಕಳಿಸಿದ್ದಾನಾ?"

ಹಲಸೂರಿನ ತಮಿಳರ ಹುಡುಗಿ ಅವಳು. ಮನೆಯಲ್ಲಿ ಬುದ್ಧನ ಪಟಕ್ಕೆ ಹುಣ್ಣಿಮೆ ಹುಣ್ಣಿಮೆಗೆ ದೀಪ ಹಚ್ಚುವವರು. ಅವಳ ಅಪ್ಪ ಇರುವೆ ತುಳಿಯಲೂ ಹಿಂದೆಮುಂದೆ ನೋಡುವ ಮನುಷ್ಯ. ಮಗಳಿಗೆ ಮಾತ್ರ ಕೈ ಮೊದಲು, ಬಾಯಿ ಆಮೇಲೆ. ಏಪ್ರನ್‌ಗೆ ಗಂಜಿ ಹಾಕಿ ಮಡಿಕೆ ಮುರಿಯದ ಹಾಗೆ ಒಣಗಿಸುವುದು, ತಲೆಗೆ ಬಟ್ಟೆ ಪಿನ್ ಮಾಡುವುದು, ಶೂ ಕಚ್ಚಿದ ಹಿಮ್ಮಡಿಗೆ ಮೇಣದಬತ್ತಿ ಉಜ್ಜುವುದು, ಎಲ್ಲ ಕಲಿಸಿದವಳು ಅವಳೇ. ಒಂದೊಂದಕ್ಕೂ ತಲೆಗೊಂದು ಮೊಟಕು ಇದ್ದೇ ಇತ್ತು.

ಹೊಟ್ಟೆಯೇ ಕೊನೆಗೆ ಒಗ್ಗಿದ್ದು. ಬೆಳಿಗ್ಗೆ ಬ್ರೆಡ್ಡು, ಎರಡು ಹೊತ್ತು ಹುಳು ಆರಿಸಿದ ರೇಷನ್ ಅಕ್ಕಿಯ ಅನ್ನ, ನೀರಿನಂಥ ಸಾರು. ಮುದ್ದೆ ತಿಂದು ಬೆಳೆದವಳಿಗೆ ಅದು ಎಲ್ಲಿ ಹೋಯಿತೆಂದೇ ತಿಳಿಯುತ್ತಿರಲಿಲ್ಲ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಪುಸ್ತಕದ ಚಿತ್ರದ ಮೇಲೆ ಬೆರಳಿಟ್ಟು ಗರ್ಭಕೋಶದ ಒಂದೊಂದು ಭಾಗದ ಹೆಸರು ಕಲಿಯುವಾಗ, ಇದೇ ನನಗೆ ಹರಿದದ್ದು, ಇದೇ ರಕ್ತ ನಿಲ್ಲದೆ ಹೋದದ್ದು ಅಂತ ಒಳಗೇ ಹೇಳಿಕೊಳ್ಳುತ್ತಿದ್ದೆ. ಹಾಗೆ ಕಲಿತ ಪದ ಒಂದೂ ಮರೆಯಲಿಲ್ಲ.

ಮೇಟ್ರನ್ ಕೈಯಲ್ಲಿ ಸದಾ ಒಂದು ಮರದ ರೂಲರ್. ಕತ್ತರಿ ಸರಿಯಾಗಿ ಕುದಿಸದಿದ್ದರೆ ಗೆಣ್ಣಿನ ಮೇಲೆ ಏಟು, ಅದೂ ರೂಲರಿನ ಅಂಚಿನಿಂದ. ಒಮ್ಮೆ ಬಾಣಂತಿಯ ಹಾಸಿಗೆಯಲ್ಲಿ ರಕ್ತದ ಬಟ್ಟೆ ಮರೆತೆ. ಮೇಟ್ರನ್ ಅದನ್ನು ತಂದು ನನ್ನ ಮುಖಕ್ಕೇ ಒರೆಸಿದರು. "ಈ ವಾಸನೆ ನೆನಪಿಟ್ಟುಕೋ, ನಂಜಾದ್ರೆ ಇವಳು ಸಾಯ್ತಾಳೆ, ನೀನಲ್ಲ" ಅಂದರು. ಆಯಮ್ಮನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಅವರ ಕಾಲದಲ್ಲಿ ನಮ್ಮ ವಾರ್ಡಿನಲ್ಲಿ ನಂಜಾಗಿ ಸತ್ತವರು ಕಡಿಮೆ ಎನ್ನುವುದನ್ನೂ ಹೇಳಲೇಬೇಕು.

ಹೊರಗೆ ಹೋದರೂ ಇದೇ. ಶಿವಾಜಿನಗರಕ್ಕೆ ಆಗ ಬೇರೆ ಹೆಸರಿತ್ತು, ಅಲ್ಲಿಗೆ ಶೂ ಹೊಲಿಸಲು ಪಕ್ಕದ ಮಂಚದ ಗೆಳತಿಯ ಜೊತೆ ಹೋಗಿದ್ದೆ. ಬಜಾರಿನ ನಡುವೆ ಇಬ್ಬರು ಗೋರಾ ಸಿಪಾಯಿಗಳು ಕುಡಿದು ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು. ಒಬ್ಬ ಬಾಟಲಿಯನ್ನು ಜಟಕಾದ ಗಾಲಿಗೆ ಒಡೆದು ಇನ್ನೊಬ್ಬನ ಕೆನ್ನೆಗೆ ತಿವಿದ. ಕೆನ್ನೆ ಬಾಯಿಯ ಹಾಗೆ ತೆರೆದುಕೊಂಡು ಒಳಗಿನ ಹಲ್ಲು ಕಾಣಿಸಿತು. ಜಟಕಾ ಕುದುರೆ ಬೆದರಿ, ಕಡಲೆಕಾಯಿ ಮಾರುವವಳ ಕುಕ್ಕೆಯನ್ನು ತುಳಿಯಿತು. ಎಲ್ಲರೂ ಓಡುತ್ತಿದ್ದರೆ ಇವಳು ನನ್ನ ರಟ್ಟೆ ಹಿಡಿದು ಅವನ ಹತ್ತಿರಕ್ಕೇ ಎಳೆದಳು. "ಕೆನ್ನೆ ಒತ್ತಿ ಹಿಡಿ ಡೀ. ಪಾಠದಲ್ಲಿ ಹೇಳಿದ್ದು ಮರೆತೋಯ್ತಾ?" ನನ್ನ ಸೆರಗನ್ನೇ ಒತ್ತಿ ಹಿಡಿದೆ. ಅವನು ಆ ನೋವಿನಲ್ಲೂ ನನ್ನ ಕೈಗೆ ಹೊಡೆಯುತ್ತಿದ್ದ. ಮಿಲಿಟರಿ ಪೋಲೀಸಿನವರು ಬಂದು ಅವನ ತಲೆಗೆ ಎರಡು ಬಿಟ್ಟು ಜೀಪಿಗೆ ಹಾಕಿಕೊಂಡು ಹೋದರು. ಶೂ ಹೊಲಿಯುವ ಸಾಬರು ಒಳಗಿಂದ ಇಣುಕಿ, "ಆಯಿತೇನಮ್ಮಾ? ಪಾದ ಕೊಡಿ, ಅಳತೆ ತಗೋತೀನಿ" ಅಂದರು.

ಭಾನುವಾರ ಮಧ್ಯಾಹ್ನ ಹಾಸ್ಟೆಲಿನಿಂದ ಹೊರಗೆ ಬಿಡುತ್ತಿದ್ದರು. ಗಂಡಸರು ಒಳಗೆ ಬರುವಂತಿಲ್ಲ, ಹೊರಗಿನ ಊಟ ತರುವಂತಿಲ್ಲ. ಆದ್ದರಿಂದ ನಾನೇ ಹಲಸೂರು ದಾಟಿ, ಮಿಲಿಟರಿ ಕುದುರೆಗಳಿಗೆ ಹುಲ್ಲು ಬೆಳೆಸುವ ಬಯಲು ಹಾದು, ಗಡಿಕಲ್ಲಿನ ತನಕ ನಡೆದುಹೋಗುತ್ತಿದ್ದೆ. ಜೊತೆಗೆ ಅವಳೂ ಬರುತ್ತಿದ್ದಳು. ಅಪ್ಪ ಕಲ್ಲಿನ ಆ ಕಡೆ ಹೊಲದಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು. ನಾವಿಬ್ಬರೂ ಈ ಕಡೆ ಹುಲ್ಲಿನಲ್ಲಿ ಕೂತು ತಿನ್ನುತ್ತಿದ್ದೆವು. ಅವಳಿಗೆ ಮುದ್ದೆ ನುಂಗಲು ಬರದೆ ಅಗಿದು ಅಗಿದು ಒದ್ದಾಡುವುದನ್ನು ನೋಡಿ ಅಪ್ಪ, "ಅಗೀಬೇಡ ತಾಯಿ, ನುಂಗು. ಅದು ದಾರಿ ಬಲ್ಲದು" ಅನ್ನುತ್ತಿದ್ದರು.

ಇದು ಗಂಡನಿಗೆ ಗೊತ್ತಾಯಿತು. ಒಂದು ಭಾನುವಾರ ಅವನೂ ದಫೇದಾರನೂ ಬಂದು ಬದುವಿನ ಮೇಲೆ ನಿಂತರು. ದಫೇದಾರ ರುಮಾಲು, ಬೆಲ್ಟು ಸಮೇತ ಬಂದಿದ್ದ, ಕೈಯಲ್ಲಿ ಹಗ್ಗದ ಸುರುಳಿ. ಗಂಡ ಕಲ್ಲಿನ ತನಕ ಬಂದು ಕಾಲಿನ ಹೆಬ್ಬೆರಳನ್ನು ಕಲ್ಲಿಗೆ ತಾಗಿಸಿ ನಿಂತ.

"ಬಾರೇ ಲೌಡಿ, ಒಂದೆಜ್ಜೆ. ಗಂಡನ್ ಮನೆ ಮುದ್ದೆ ಬ್ಯಾಡ್ವಾ?"

"ಕಲ್ ದಾಟಬ್ಯಾಡ ಕಣ್ಲಾ. ಆ ಕಡೆ ಬಿಳೇರ ಪೋಲೀಸು, ನನ್ ಮಾತು ನಡೆಯಕಿಲ್ಲ" ಅಂತ ದಫೇದಾರ ಹಿಂದಿನಿಂದ ಹೇಳುತ್ತಿದ್ದ.

ಆಮೇಲೆ ಪ್ರತಿ ಭಾನುವಾರವೂ ಅವರು ಅಲ್ಲಿ. ಗಂಡ ಹೆಂಟೆ ಎಸೆಯುತ್ತಿದ್ದ. ಒಂದು ನನ್ನ ಕಿವಿಯ ಹಿಂದೆ ಬಿದ್ದು, ವಾರವೆಲ್ಲ ಆ ಕಡೆ ಮಗ್ಗುಲು ಮಲಗಲಾಗಲಿಲ್ಲ. ಗೆಳತಿ ಅದೇ ಹೆಂಟೆ ಎತ್ತಿ ವಾಪಸು ಎಸೆದು ಅವನ ಹಲ್ಲಿಗೆ ಹೊಡೆದಳು. ಅಪ್ಪ ಕೈ ಮುಗಿದರು, "ಬರಬ್ಯಾಡಿ ಮಗ, ಪರೀಕ್ಷೆ ಮುಗಿಯೋಗಂಟ ಬರಬ್ಯಾಡಿ." ನಾನು ಕೆಲವು ವಾರ ಹೋಗಲಿಲ್ಲ.

ರಾಗಿ ತೆನೆ ಬಲಿಯುವ ಕಾಲಕ್ಕೆ ತಡೆಯಲಾಗದೆ ಮತ್ತೆ ಹೋದೆವು. ಅಪ್ಪ ಒಬ್ಬರೇ ಇದ್ದರು. ಬುತ್ತಿ ಬಿಚ್ಚುವ ಮೊದಲೇ ಗಂಡ ರಾಗಿ ಪೈರಿನ ಒಳಗಿಂದ ಎದ್ದ. ನಮಗಾಗಿ ಬಗ್ಗಿ ಕಾದಿದ್ದ. ಅವನು ನನ್ನ ಕಡೆ ನೋಡಲೂ ಇಲ್ಲ. ನೇರ ಅಪ್ಪನ ಹತ್ತಿರ ಹೋಗಿ, ಗಾಡಿಯ ಗೂಟದಿಂದ ಭುಜಕ್ಕೆ ಹೊಡೆದ. ಅಪ್ಪ ಕೂತಲ್ಲೇ ಒರಗಿದರು.

"ಇವನ್ನ ಉಳಿಸ್ಕೋಬೇಕಾ? ಬಾ ಈ ಕಡೆ!" ಅಂತ ಕೂಗಿ, ಇನ್ನೊಂದು ಏಟು ತಲೆಗೆ ಹಾಕಿದ. ಅಪ್ಪನ ನೆತ್ತಿಯಿಂದ ರಕ್ತ ಕಣ್ಣಿಗೆ ಇಳಿಯಿತು. ಕಲ್ಲಿನಿಂದ ಮೂರು ಮಾರು ದೂರ ಇರಬಹುದು. ದಫೇದಾರನೂ ಬದುವಿನ ಮರೆಯಿಂದ ಎದ್ದು ಹಗ್ಗದ ಸುರುಳಿ ಬಿಚ್ಚಿಕೊಂಡು ನಿಂತಿದ್ದ. ಅವನು ಅಪ್ಪನನ್ನು ನೋಡುತ್ತಿರಲಿಲ್ಲ, ನನ್ನ ಕಾಲನ್ನು ನೋಡುತ್ತಿದ್ದ.

ನಾನು ಕಾಲೆತ್ತಿದೆ. ಗೆಳತಿ ಹಿಂದಿನಿಂದ ನನ್ನ ಜಡೆಗೆ ಕೈ ಹಾಕಿ ನೆಲಕ್ಕೆ ಕೆಡವಿದಳು.

"ಬಿಡೇ, ಸಾಯಿಸ್ತಾನೆ!"

"ನೀನು ಹೋದ್ರೆ ಇಬ್ರನ್ನೂ ಸಾಯಿಸ್ತಾನೆ. ನನ್ ಮೇಲೆ ಯಾರೂ ದೂರು ಕೊಟ್ಟಿಲ್ಲ, ನಾನು ಹೋಗ್ತೀನಿ."

ಅವಳು ಬಿಸಿಲಿಗೆಂದು ತಂದಿದ್ದ ಕೊಡೆ ಹಿಡಿದು ಕಲ್ಲು ಹಾರಿದಳು. ಅವನ ಕುತ್ತಿಗೆಗೆ ಕೊಡೆಯ ಮೊನೆ ಚುಚ್ಚಿದಳು, ಅವನು ತಿರುಗಿ ಗೂಟ ಬೀಸಿದ, ಅವಳ ಮೊಣಕೈ ಲಟ್ಟೆಂದದ್ದು ನನಗೆ ಕೇಳಿಸಿತು. ಆದರೂ ಬಿಡಲಿಲ್ಲ. ಅವನ ಕಿವಿ ಕಚ್ಚಿ ಹಿಡಿದಳು. ನಾನು ಬಯಲಿನ ಕಡೆ ತಿರುಗಿ ಬಾಯಿ ಬಡಿದುಕೊಂಡೆ. ಅಲ್ಲಿ ಕುದುರೆಗಳಿಗೆ ಹುಲ್ಲು ಕೊಯ್ಯುವ ತಮಿಳು ಹೆಂಗಸರಿದ್ದರು. ಕುಡುಗೋಲು ಹಿಡಿದೇ ಓಡಿಬಂದರು. ಅವರ ಹಿಂದೆ ಬಯಲಿನ ಕಾವಲುಗಾರ ಬಂದ. ಅವನು ಸೀಟಿ ಊದಿ ಊದಿ, ಹಲಸೂರು ಕಡೆಯಿಂದ ಗಸ್ತು ಬರುತ್ತಿದ್ದ ದಂಡಿನ ಇನ್‌ಸ್ಪೆಕ್ಟರನ್ನು ಕರೆತಂದ.

ಅಷ್ಟರಲ್ಲಿ ಗೂಟ ಕೈಬಿಟ್ಟು ಗಂಡ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಕಿವಿಯಿಂದ ಅಂಗಿಯ ಮೇಲೆ ರಕ್ತ. ಇನ್‌ಸ್ಪೆಕ್ಟರ್ ಸೈಕಲ್ ನಿಲ್ಲಿಸಿ, ಮೊದಲು ಕಲ್ಲು ನೋಡಿದರು, ಆಮೇಲೆ ಅಪ್ಪ ಬಿದ್ದ ಜಾಗ ನೋಡಿದರು.

"ಎಲ್ಲಿ ಹೊಡೆದದ್ದು?"

"ಅಲ್ಲೇ ಸ್ವಾಮಿ" ಅಂದೆ.

"ಆ ಕಡೆನಾ? ಅದು ಮೈಸೂರು. ನಾನು ಏನೂ ಮಾಡೋಹಾಗಿಲ್ಲಮ್ಮ. ಅಲ್ಲೇ ಅವರ ಪೋಲೀಸ್ ಇದಾರಲ್ಲ, ಅವರಿಗೇ ಹೇಳಿ."

ದಫೇದಾರ ನೆಟ್ಟಗೆ ನಿಂತು ಸಲಾಮು ಹೊಡೆದ. ಗಂಡ ಬದುವಿನ ಮೇಲೆ ಕೂತು ಬೀಡಿ ಹಚ್ಚಿದ. ಆ ಬೀಡಿ ಹಚ್ಚಿದ ರೀತಿಯನ್ನು ನಾನು ಮರೆತಿಲ್ಲ: ಕಡ್ಡಿ ಕೆಡದ ಹಾಗೆ ಅಂಗೈ ಮರೆ ಮಾಡಿ, ನಿಧಾನವಾಗಿ, ಊಟ ಮುಗಿಸಿದವನ ಹಾಗೆ.

ಅಪ್ಪ ಮೊಣಕೈ ಊರಿ ಎದ್ದು ಕೂತರು. ಬಾಯಲ್ಲಿದ್ದ ರಕ್ತ ಉಗಿದರು.

"ಸ್ವಾಮೀ, ಇದು ಮೈಸೂರಲ್ಲ. ನಿಮ್ಮದೇ ನೆಲ."

"ಏನಯ್ಯಾ? ಕಲ್ಲು ಕಾಣಲ್ವಾ?"

"ಆ ಕಲ್ಲು ಅಲ್ಲಿ ಇರಲಿಲ್ಲ. ನಾನೇ ಕಿತ್ತು ಇಟ್ಟಿದ್ದು."

ಹುಲ್ಲು ಕೊಯ್ಯುವವಳೊಬ್ಬಳು ಪಕ್ಕದವಳಿಗೆ ತಮಿಳಿನಲ್ಲಿ ಹೇಳಿ ಬಾಯಿ ಮುಚ್ಚಿಕೊಂಡಳು.

"ಮಿಲಿಟರಿ ಬಯಲಲ್ಲಿ ನೆಲ ಸುಮ್ಕೆ ಬಿದ್ದಿತ್ತು. ಪ್ರತಿ ವರ್ಸ ಉಳೋವಾಗ ಒಂದೊಂದು ಸಾಲು ಒತ್ತಿ, ಕಲ್ಲನ್ನೂ ಅದರ ಹಿಂದೆ ನಡೆಸ್ತಾ ಬಂದೆ. ಮೊದಲಿನ ಗುಂಡಿ ಅಗೋ, ಆ ಎರಡನೇ ಬದುವಿನ ಹತ್ರ. ಅವನು ಕೂತಿದ್ದಾನಲ್ಲ, ಅದಕ್ಕೂ ಆಚೆ. ಅಗೀರಿ. ಕಲ್ಲಿನ ಬುಡಕ್ಕೆ ಗುರುತಿಗೆ ಅಂತ ಸರ್ಕಾರದೋರು ಹಾಕಿದ್ದ ಇದ್ದಲು ಅಲ್ಲೇ ಐತೆ."

"ಸುಳ್ಳು ಬೊಗಳ್ತಾನೆ ಮುದಿಯ" ಅಂತ ಗಂಡ ನಕ್ಕ.

ಇನ್‌ಸ್ಪೆಕ್ಟರ್ ಕಲ್ಲಿನ ತನಕ ಬಂದು ನಿಂತರು. "ಸರ್ಕಾರಿ ಕಲ್ಲು ಕಿತ್ತರೆ ಏನಾಗತ್ತೆ ಗೊತ್ತೇನಯ್ಯಾ? ನಿನ್ನನ್ನೂ ಒಳಗೆ ಹಾಕಬೇಕಾಗತ್ತೆ."

"ಹಾಕಿ ಸ್ವಾಮಿ. ಇವನ್ನೂ ಹಾಕಿ."

ಕುಡುಗೋಲಿನಿಂದಲೇ ಅಗೆದರು. ಅಪ್ಪ ತೋರಿಸಿದ ಕಡೆ, ರಾಗಿಯ ಬೇರಿನ ಕೆಳಗೆ, ಕಪ್ಪು ಇದ್ದಲು ಬಂತು. ದಫೇದಾರನ ಮುಖ ನೋಡಬೇಕಾಗಿತ್ತು. ಮಹಾರಾಜರ ಪೋಲೀಸು ರುಮಾಲು ಸುತ್ತಿಕೊಂಡು, ಹಗ್ಗ ಹಿಡಿದು, ಬ್ರಿಟಿಷರ ನೆಲದ ನಡುವೆ ನಿಂತಿದ್ದ, ಅದೂ ಕಣ್ಣೆದುರು ನಡೆದ ಹೊಡೆದಾಟ ನೋಡುತ್ತಾ. ಹಗ್ಗ ಪೈರಿನೊಳಗೆ ಬಿಟ್ಟು, ಇದ್ದಲು ಬಂದ ಜಾಗದಿಂದ ಮೂಡಲಿಗೆ ಓಡಿದ. ಗಂಡನೂ ಓಡಿದ, ಆದರೆ ಹುಲ್ಲು ಕೊಯ್ಯುವ ಹೆಂಗಸರು ಅವನ ದಾರಿಯಲ್ಲೇ ಇದ್ದರು. ಅವರು ಕುಡುಗೋಲು ಕೆಳಗಿಟ್ಟು ಬರಿಗೈಯಲ್ಲಿ ಹೊಡೆದರು. ಇನ್‌ಸ್ಪೆಕ್ಟರ್ ಸೈಕಲ್ಲಿನ ಚೈನು ಸರಿಮಾಡುತ್ತಾ ತಕ್ಕಷ್ಟು ಹೊತ್ತು ತಗೊಂಡರು.

ನಾನು ಆಗ ಕಲ್ಲು ದಾಟಿದೆ. ಅಪ್ಪನ ನೆತ್ತಿ ಒತ್ತಿ ಹಿಡಿದು, ಸೆರಗು ಹರಿದು ಪಟ್ಟಿ ಕಟ್ಟಿದೆ. ಗೆಳತಿಯ ಮೊಣಕೈಗೆ ಕೊಡೆಯ ಕಡ್ಡಿಗಳನ್ನೇ ಇಟ್ಟು ಬಿಗಿದೆ. ಅವಳು ಹಲ್ಲು ಕಚ್ಚಿಕೊಂಡು, "ಗಂಟು ಸರಿ ಹಾಕು ಡೀ, ಮೇಟ್ರನ್ ನೋಡ್ತಾರೆ" ಅಂದಳು.

ದಂಡಿನ ಮ್ಯಾಜಿಸ್ಟ್ರೇಟರು ಗಂಡನನ್ನು ಜೈಲಿಗೆ ಕಳಿಸಿದರು. ದಫೇದಾರ ತನ್ನ ಹೆಸರು ಆ ಮೊಕದ್ದಮೆಯಲ್ಲಿ ಬರದಿರಲಿ ಅಂತ ಎಲ್ಲೆಲ್ಲಿ ಓಡಾಡಿದನೋ, ಕಾಸಿನಸರ ಮನೆಯಲ್ಲೇ ಸಿಕ್ಕಿತು ಅಂತ ಅತ್ತೆಯ ಕೈಲೇ ಹೇಳಿಸಿ ನನ್ನ ಮೇಲಿನ ದೂರು ಹಿಂದಕ್ಕೆ ತೆಗೆಸಿದ. ಅಪ್ಪನನ್ನೂ ತಲೆಯ ಗಾಯ ಒಣಗಿದ ಮೇಲೆ ಕೆಲವು ದಿನ ಒಳಗಿಟ್ಟರು. ಒತ್ತುವರಿ ನೆಲವನ್ನು, ಕೊಯ್ಲಿಗೆ ಬಂದಿದ್ದ ರಾಗಿ ಸಮೇತ, ಮಿಲಿಟರಿಯವರು ವಾಪಸು ತೆಗೆದುಕೊಂಡರು. ಅವರ ಕುದುರೆಗಳು ಅದನ್ನು ನಿಂತಲ್ಲೇ ಮೇಯ್ದವು. ನಮ್ಮ ಹೊಲದ ಒಳ್ಳೆಯ ಮಣ್ಣೆಲ್ಲ ಆ ಪಟ್ಟಿಯಲ್ಲೇ ಇತ್ತು. ಅಮ್ಮ ಮದುವೆಯಾಗಿ ಬಂದಾಗಿನಿಂದ ಗೊಬ್ಬರ ಹೊತ್ತು ಹಾಕಿದ ನೆಲ ಅದು. ಕಲ್ಲು ನಡೆದುಕೊಂಡು ಹೋದದ್ದು ಅವಳಿಗೂ ಗೊತ್ತಿರಲಿಲ್ಲ.

ಅಪ್ಪ ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಅಮ್ಮ ಮೊದಲ ಸಲ ದಂಡಿಗೆ ಬಂದಳು. ನಾವು ಓದುತ್ತಿದ್ದದ್ದು ಹೆರಿಗೆ ಆಸ್ಪತ್ರೆಯಾದ್ದರಿಂದ ಗಂಡಸರ ವಾರ್ಡಿಲ್ಲದೆ ಅಪ್ಪನನ್ನು ಔಷಧಿ ಕೋಣೆಯ ಬೆಂಚಿನ ಮೇಲೆ ಮಲಗಿಸಿದ್ದರು. ಅಮ್ಮ ಒಳಗೆ ಬಂದವಳೇ ಅವರ ಒಳ್ಳೆಯ ಭುಜ ಯಾವುದು ಅಂತ ನೋಡಿ, ಅದರ ಮೇಲೆ ಬಾರಿಸಿದಳು. "ಕಳ್ಳ! ಊರ್ಗೆಲ್ಲ ನ್ಯಾಯ ಏಳ್ತಿದ್ದೋನು!" ಅಪ್ಪ ಗೋಡೆ ಕಡೆ ತಿರುಗಿದರು. ಅವರ ಬೆನ್ನು ಅಲುಗುತ್ತಿತ್ತು. ನಗುತ್ತಿದ್ದರೋ ಅಳುತ್ತಿದ್ದರೋ ನಾನು ಹೋಗಿ ನೋಡಲಿಲ್ಲ.

ಅಮ್ಮ ನನ್ನ ಕಡೆ ತಿರುಗಿ ಗಂಜಿ ಹಾಕಿದ ಏಪ್ರನ್ನು, ತಲೆಯ ಬಟ್ಟೆ, ಶೂ, ಎಲ್ಲ ಮೇಲಿಂದ ಕೆಳಗೆ ನೋಡಿದಳು.

"ಇದಕ್ಕೆ ಅಷ್ಟು ನೆಲ ಓಯ್ತು. ಪಾಸಾಗ್ದೆ ಮನೆ ಕಡೆ ಬಂದ್ಯೋ, ಕಾಲು ಮುರೀತೀನಿ."

"ಆಗ್ತೀನಿ ಕಣಮ್ಮ."

"ಎಲ್ಲಿ, ಏನ್ ಕಲ್ತಿದ್ದೀಯ ತೋರ್ಸು" ಅಂತ ಬೆಂಚಿನ ತುದಿಯಲ್ಲಿ ಕೂತಳು. ನಾನು ಕೈ ತೊಳೆದುಕೊಂಡು ಬಂದು, ಅವಳ ಎದುರಿಗೇ ಅಪ್ಪನ ತಲೆಯ ಪಟ್ಟಿ ಬಿಚ್ಚತೊಡಗಿದೆ.